ಕಿಷ್ಟಪ್ಪನ ಕೇಳುಗರು

ನೇಕಾರ ಕಿಷ್ಟಪ್ಪನಿಗೆ ಕೇಳುಗರು ಇರಲಿಲ್ಲ. ಕೊನೆಗೂ ಸಿಕ್ಕರು ಅನ್ನುವ ಹೊತ್ತಿಗೆ ಮನೆಗೆ ಕಳ್ಳ ಬಿದ್ದ.

ಕಳುವಾದದ್ದು ಸೀರೆಯಲ್ಲ, ಅದರ ಅಂಚಿನ ವಿನ್ಯಾಸ. ಬೇಸಿಗೆಯೆಲ್ಲ ಕೂತು ಅವನೇ ಕಟ್ಟಿದ ಹುಣಸೆಹೂವಿನ ಅಂಚು. ಬೇರೆ ಯಾರ ಮಗ್ಗದಲ್ಲೂ ಕಾಣದಿದ್ದರೆ ದಸರೆಯ ಸೀರೆಗಳ ಆರ್ಡರೆಲ್ಲ ನಿನಗೇ ಎಂದು ನಾರಾಯಣಪೇಟೆಯ ಸಾವಕಾರ ಮಾತು ಕೊಟ್ಟಿದ್ದ. ಇವತ್ತು ಅದೇ ಸಾವಕಾರ ಗದ್ವಾಲದಿಂದ ಬಂದ ಸೀರೆಯೊಂದನ್ನು ಕಿಷ್ಟಪ್ಪನ ಮುಂದೆ ಬಿಚ್ಚಿದ. ಅದೇ ಹೂವು, ಅದೇ ಎಸಳು. ಮಾತು ಅಲ್ಲಿಗೇ ಮುರಿಯಿತು.

"ನಿನ್ನ ತಮ್ಮಂದೇ ಕೆಲಸ ಇದು!" ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ.

ಸುಗುಣಮ್ಮನ ತಮ್ಮ ಚಂದ್ರಕಾಂತ್ ಮಕ್ತಲ್‌ನಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಈಚೆಗೆ ಒಮ್ಮೆ ಬಂದುಹೋಗಿದ್ದ.

"ಚಾ ಕುಡದು ಹೋಗ್ಯಾನ್ರಿ. ಅವನ ಫೋನ್ ನೀವೇ ಬಾಗಿಲದಾಗ ಕಸಗೊಂಡು ಜೋಳದ ಡಬ್ಬಿಯೊಳಗ ಹಾಕಿದ್ರಿ."

ನಿಜ. ಹೊಸ ಅಂಚು ಮಗ್ಗ ಏರಿದಾಗಿನಿಂದ ಮನೆಯ ಕಟ್ಟಳೆ ಅದು: ಬಂದವರ ಫೋನು ಜೋಳದ ಡಬ್ಬಿಗೆ. ಕಿಟಕಿಗೆ ಗೋಣಿಚೀಲ. ಮಗ್ಗದ ಕೋಣೆಗೆ ಹೋಗುತ್ತಿದ್ದದ್ದು ಕಿಷ್ಟಪ್ಪನ ಫೋನು ಒಂದೇ. ಅದು ಕಲೆಗಾಗಿ.

'ನೇಕಾರ ಬಂಧುಗಳು' ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನ. ದೋಸೆ ಮಗುಚುವ ರೋಬೋದ ವಿಡಿಯೋ ಕಳಿಸಿದ, ಯಾರೂ ನಗಲಿಲ್ಲ. ತಾಮ್ರದ ಕೊಡದ ಮೇಲೆ ತಬಲಾ ಬಾರಿಸುವ ಮುದುಕಿಯನ್ನು ಕಳಿಸಿದ, ಒಂದು ಹೆಬ್ಬೆರಳೂ ಏಳಲಿಲ್ಲ. ಕೊನೆಗೆ ಫೋನನ್ನು ಮಗ್ಗದ ಮೇಲಿನ ತೊಲೆಗೆ ನೇತುಹಾಕಿ, ಲಾಳಿಯ ಸಪ್ಪಳವನ್ನೇ ತಾಳ ಮಾಡಿಕೊಂಡು ತಾನೇ ಒಂದು ಭಜನೆ ಹಾಡಿ ಕಳಿಸಿದ.

ಗುಂಪು ಎದ್ದು ಕೂತಿತು. ಚಪ್ಪಾಳೆ, ಹೂಗುಚ್ಛ, ಕೈಮುಗಿತ. ಗದ್ವಾಲದ ಹಿರಿಯ ನೇಕಾರ ಶಿವಯ್ಯನೇ ಬರೆದ: "ವಾರೆವ್ಹಾ! ಇನ್ನೊಂದು ಕಳಿಸ್ರಿ. ಸ್ವಲ್ಪ ಹತ್ತಿರದಿಂದ, ನಿಧಾನಕ್ಕ."

ಕಿಷ್ಟಪ್ಪ ಫೋನನ್ನು ಇಳಿಬಿಟ್ಟು ವಿಲಂಬಿತದಲ್ಲಿ ಹಾಡಿದ.

ಈಗ ಅದೇ ಫೋನಿನಿಂದ ಚಂದ್ರಕಾಂತನಿಗೆ ಹಚ್ಚಿದ. "ಇನ್ನ ನಮ್ಮ ಹೊಸ್ತಿಲ ತುಳೀಬ್ಯಾಡ."

"ಬಾವಾ, ನಿಮ್ಮ ಅಂಚು ಕೆಂಪೋ ಹಸಿರೋ ಅಂತನೂ ನನಗ ಗೊತ್ತಿಲ್ಲ..."

ಕಿಷ್ಟಪ್ಪ ಕರೆ ಕತ್ತರಿಸಿದ. ಸುಗುಣಮ್ಮ ತಮ್ಮನಿಗಾಗಿ ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ಕಿಷ್ಟಪ್ಪನ ಲೆಕ್ಕದಲ್ಲಿ ಕಳ್ಳ ಸಿಕ್ಕ, ಇನ್ನು ಕದ್ದ ಮಾಲು ಯಾರ ಕೈ ಸೇರಿದೆಯೋ ತಿಳಿಯಬೇಕು. ಗದ್ವಾಲದಲ್ಲಿ ತನ್ನ ಕಲೆ ಬಲ್ಲವನು ಒಬ್ಬನೇ. ಶಿವಯ್ಯನಿಗೆ ಹಚ್ಚಿದ.

"ಶಿವಯ್ಯನೋರೆ, ಹುಣಸೆಹೂವಿನ ಅಂಚು ನಿಮ್ಮೂರಾಗ ಯಾರು ನೇಯ್ತಾರ?"

"ನಮ್ಮ ಓಣಿಯೆಲ್ಲಾ ಅದನ್ನೇ ನೇಯಾಕ ಹತ್ತೈತ್ರಿ! ನಿಮ್ಮಂಥಾ ದೊಡ್ಡ ಮನಸ್ಸು ಯಾರಿಗೂ ಇಲ್ಲ ಬಿಡ್ರಿ. ಕೇಳಿದ ಕೂಡಲೇ ಹತ್ತಿರದಿಂದ, ನಿಧಾನಕ್ಕ, ಒಂದೊಂದು ಎಳಿ ಬಿಡಿಸಿ ತೋರಿಸಿದ್ರಿ."

"ಮತ್ತ... ಹಾಡು?"

"ಎಂಥಾ ಹಾಡ್ರಿ? ನಾವೆಲ್ಲಾ ಸೌಂಡ್ ಬಂದ್ ಮಾಡೇ ನೋಡೀವಿ."

ಹೋದದ್ದು ಒಂದು ಅಂಚು, ಒಬ್ಬ ಭಾವಮೈದುನ, ಇನ್ನೂರು ಕೇಳುಗರು.