ಹದಿನಾಲ್ಕನೇ ಚೌಕ

ಹದಿನಾಲ್ಕನೇ ಚೌಕವನ್ನು ಯಾರೋ ಗುಡಿಸಿಬಿಟ್ಟಿದ್ದರು. ನಾಲ್ಕು ಹಳದಿ ಗೂಟಗಳ ನಡುವಿನ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಕೆಸರುನೆಲ ನೆಂಟರು ಬರುವ ದಿನದ ಅಂಗಳದಂತಿತ್ತು. ಒಂದು ಒಣಕೊಂಬೆಯಿಲ್ಲ, ಉದುರಿದ ಒಂದು ಎಲೆಯಿಲ್ಲ. ಪೊರಕೆಯ ಗೀರುಗಳು ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಬೇರನ್ನು ಬಳಸಿಕೊಂಡು ನೀರಿನ ಅಂಚಿನವರೆಗೂ ಹೋಗಿದ್ದವು. ಮೇಲ್ವಿಚಾರಕಿ ಗೂಟದ ಬಳಿಯೇ ನಿಂತುಬಿಟ್ಟಳು. ಅವಳ ಹಿಂದೆ ತಪಾಸಣೆಯ ಅಧಿಕಾರಿ ಒಂದು ಕಾಲನ್ನು ಕೆಸರಿನಿಂದ ಕೀಳುತ್ತ, ಬೂಟು ಒಳಗೇ ಉಳಿಯಿತೆಂದು ಗೊಣಗುತ್ತಿದ್ದ.

ದೂರದ ಒಂದು ಕಾರ್ಖಾನೆ ತಾನು ಬಿಟ್ಟ ಹೊಗೆಗೆ ಬದಲಾಗಿ, ಈ ಕಾಡು ಹೀರಿ ಕೆಸರಿನಲ್ಲಿ ಹೂತಿಟ್ಟುಕೊಳ್ಳುವ ಇಂಗಾಲವನ್ನು ಕೊಳ್ಳುತ್ತಿತ್ತು. ಆ ಹಣದಲ್ಲಿ ಹನ್ನೆರಡು ಹೆಂಗಸರು ಸಸಿ ನೆಟ್ಟು ಕಾಯುತ್ತಿದ್ದರು. ವರ್ಷಕ್ಕೊಮ್ಮೆ ಇಪ್ಪತ್ತು ಚೌಕಗಳಲ್ಲಿ ಅಳತೆ: ನಿಂತ ಮರದ ಸುತ್ತಳತೆ, ಬಿದ್ದ ಕೊಂಬೆಯ ದಪ್ಪ, ಉದುರಿದ ಎಲೆಯ ತೂಕ. ಮನುಷ್ಯರು ಕೈಹಾಕಿದ ಚೌಕ ಆ ವರ್ಷದ ಲೆಕ್ಕದಿಂದ ಹೊರಗೆ. ನಿನ್ನೆ ಅಳೆದ ಹದಿಮೂರರಲ್ಲಿ ಒಂದನ್ನು ಸೌದೆ ಕಳ್ಳರು ಕೆಡಿಸಿದ್ದರು. ಎರಡನೆಯದೂ ಹೋದರೆ ಮೇಲ್ವಿಚಾರಕಿಯನ್ನು ಬದಲಿಸಬೇಕೆಂದು ಒಪ್ಪಂದದಲ್ಲೇ ಬರೆದಿತ್ತು.

"ಕಳ್ಳರು ಪೊರಕೆ ಬೇರೆ ತರ್ತಾರಾ ಮೇಡಂ?" ಅಧಿಕಾರಿ ಕೇಳಿದ.

ಏರಿಯ ಮೇಲಿಂದ ಉತ್ತರ ಬಂತು. "ಹೇಗಿದೆ ಸಾಹೇಬ್ರೇ? ಕನ್ನಡಿ ಆಗಿದೆ ಅಲ್ವಾ?" ಮೇಲ್ವಿಚಾರಕಿಯ ಅತ್ತೆ ನಿಂತಿದ್ದಳು. ಮೊಣಕಾಲವರೆಗೆ ಕೆಸರು, ಕಂಕುಳಲ್ಲಿ ಪೊರಕೆ. "ಬೆಳಗ್ಗೆ ನೀರು ಇಳಿದ ತಕ್ಷಣ ಶುರು ಹಚ್ಕೊಂಡೆ. ಸೊಂಟ ಬಿದ್ದೋಯ್ತು, ಇಲ್ಲಾಂದ್ರೆ ಪಕ್ಕದ್ದೂ ಮುಗಿಸ್ತಿದ್ದೆ."

ಮೂವತ್ತು ವರ್ಷ ಮೀನು ಹರಾಜಿನ ಕಟ್ಟೆ ಗುಡಿಸಿದ ಹೆಂಗಸು. ಮೇಲಿನವರು ಯಾರೇ ಬಂದರೂ ಮೊದಲು ನೆಲ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ ಎಂಬುದು ಆಕೆ ಕಲಿತ ವಿದ್ಯೆ. ಸೊಸೆಯ ಕೆಲಸಕ್ಕೆ ಮಾತ್ರ 'ಕೆಸರು ತುಳಿಯೋ ನೌಕರಿ' ಎಂದು ಆರು ವರ್ಷದಿಂದ ಮೂಗು ಮುರಿಯುತ್ತಲೇ ಬಂದಿದ್ದಳು.

"ಇದನ್ನ ಮಾಡೋಕೆ ನಿಮಗೆ ಯಾರು ಹೇಳಿದ್ದು ಅತ್ತೆ?" ಸೊಸೆ ಕೇಳಿದಳು.

"ಯಾರು ಹೇಳ್ಬೇಕು? ಸಾಹೇಬ್ರು ಬರ್ತಾರೆ ಅಂತ ವಾರದಿಂದ ನೆಟ್ಟಗೆ ಊಟ ಮಾಡಿಲ್ಲ ನೀನು. ಇಲ್ಲಿ ಬಂದು ನೋಡಿದ್ರೆ ಬರೀ ಕಸ! ಆರು ವರ್ಷ ಸಂಬಳ ತಿಂದು ಮಾಡಿದ್ದು ಇದೇನಾ ಅನ್ನಲ್ವಾ ಅವರು? ನನ್ನ ಸೊಸೆ ಹೊರಗಿನೋರ ಹತ್ರ ಅನ್ನಿಸ್ಕೋಬಾರ್ದು. ನಾನು ಬೈಯೋದು ಬೇರೆ."

"ಅವರು ದುಡ್ಡು ಕೊಡೋದೇ ಆ ಕಸಕ್ಕೆ ಅತ್ತೆ."

ಅತ್ತೆ ಇಬ್ಬರ ಮುಖವನ್ನೂ ನೋಡಿದಳು. ಯಾರೂ ನಗಲಿಲ್ಲ. "ಎಸೆದಿಲ್ಲ ಕಣೇ, ಏರಿ ಆಚೆ ರಾಶಿ ಹಾಕಿದೀನಿ. ಹಾಗೇ ತಂದು ಹರಡ್ತೀನಿ ಬಿಡು."

"ಆಗಲ್ಲಮ್ಮಾ. ಒಂದ್ಸಲ ಎತ್ತಿದ್ದು ಲೆಕ್ಕಕ್ಕೆ ಬರಲ್ಲ," ಎಂದ ಅಧಿಕಾರಿ. ಕೆಟ್ಟವನಲ್ಲ. ನಿನ್ನೆಯಿಡೀ ಮೇಲ್ವಿಚಾರಕಿಯ ಜೊತೆ ಕೆಸರಿನಲ್ಲಿ ಬಿದ್ದು ಎದ್ದಿದ್ದ. ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಉಬ್ಬರ ಕೊಚ್ಕೊಂಡು ಹೋಯ್ತು ಅಂತ ಬರ್ಕೊಳ್ಳಿ. ಸಮುದ್ರ ಮಾಡಿದ್ದಕ್ಕೆ ಚೌಕ ತೆಗೆಯಲ್ಲ. ಇನ್ನೊಂದು ಸಲ ನೀರು ಏರಿದ್ರೆ ಗೀರೂ ಇರಲ್ಲ. ನಾನಂತೂ ಏನೂ ನೋಡಿಲ್ಲ."

ಅವಳು ಅಳತೆಯ ಪುಸ್ತಕ ತೆರೆದಳು. ಅವಳೇನೂ ಸತ್ಯಸಂಧೆಯಲ್ಲ. ಮಗಳ ವಯಸ್ಸಿನಲ್ಲಿ ಎರಡು ವರ್ಷ ಕಳೆದು ಬಸ್ಸಿನಲ್ಲಿ ಅರ್ಧ ಟಿಕೆಟ್ ತೆಗೆದವಳೇ. ಆದರೆ ಈ ಪುಸ್ತಕದ ಒಂದೊಂದು ಅಂಕಿಗೂ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದಳು. ಒಂದು ಸಾಲು ಸುಳ್ಳಾದರೆ ಉಳಿದ ಸಾಲುಗಳನ್ನು ತಾನೇ ನಂಬುವುದು ಕಷ್ಟ.

"ಉಬ್ಬರಕ್ಕೆ ಪೊರಕೆ ಹಿಡಿಯೋಕೆ ಬರಲ್ಲ ಸರ್. ನಮ್ಮತ್ತೆ ಗುಡಿಸಿದ್ರು ಅಂತಲೇ ಬರೀತೀನಿ."

"ಕೆಲಸ ಹೋಗುತ್ತೆ ಮೇಡಂ."

"ಗೊತ್ತು. ಸಸಿ ನೆಡೋ ಕೂಲಿಯಿಂದಾನೇ ಇಲ್ಲಿಗೆ ಬಂದಿದ್ದು. ಅದು ಮರೆತಿಲ್ಲ."

ಬಿದ್ದ ಕೊಂಬೆಯ ಕಾಲಮಿನಲ್ಲಿ ಸೊನ್ನೆ ಹಾಕಿದಳು. ಎಲೆಯ ಕಾಲಮಿನಲ್ಲೂ ಸೊನ್ನೆ. ಕಾರಣದ ಜಾಗದಲ್ಲಿ ಅತ್ತೆಯ ಪೂರ್ತಿ ಹೆಸರು ಬರೆದಳು. ಅತ್ತೆ ಏರಿಯಿಂದ ಇಳಿದು ಬಂದು ಬಗ್ಗಿ ನೋಡಿದಳು. ತನ್ನ ಹೆಸರಿನ ಮೊದಲ ಅಕ್ಷರ ಆಕೆಗೆ ಗುರುತು ಸಿಗುತ್ತಿತ್ತು. ಕಂಕುಳಿನ ಪೊರಕೆ ಜಾರಿ ಕೆಸರಿಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಅಧಿಕಾರಿಯ ಕಡೆ ತಿರುಗಿ ಬಾಯಿ ಬಿಟ್ಟಾಗ 'ಸಾಹೇಬ್ರೇ' ಅನ್ನುವುದು ಬಿಟ್ಟುಹೋಗಿತ್ತು.

"ಅಲ್ಲಪ್ಪಾ, ನಮ್ಮ ಎಲೆ ಎಣಿಸೋಕೆ ನೀನು ಇಷ್ಟು ದೂರದಿಂದ ಬಂದೆ. ಆ ಕಾರ್ಖಾನೆಯೋರ ಹೊಗೆ ಅಳೆಯೋಕೆ ಯಾರು ಹೋಗ್ತಾರೆ?"

"ಅದು... ಅವರೇ ಅಳೆದು, ಬರೆದು ಕಳಿಸ್ತಾರಮ್ಮಾ."

"ಅವರೇನಾ?"

"ಹೂಂ." ಅವನು ಬೂಟಿನ ಕೆಸರು ಕೆರೆಯತೊಡಗಿದ.

ಸೊಸೆ ಆಗಲೇ ಹದಿನೈದನೇ ಚೌಕದೊಳಗೆ ಹೋಗಿ ಒಂದು ದಪ್ಪ ಮರದ ಮುಂದೆ ನಿಂತಿದ್ದಳು. ಅತ್ತೆ ಎಲೆಗಳ ಮೇಲೆ ಕಾಲಿಡದೆ, ಜಾಗ ಹುಡುಕಿ ಹುಡುಕಿ ಹೆಜ್ಜೆಯಿಡುತ್ತ ಅವಳ ಹತ್ತಿರ ಬಂದಳು.

"ಕೇಳಿಸ್ತೇನೇ? ಅವರದ್ದು ಅವರೇ ಬರ್ಕೊಳ್ತಾರಂತೆ. ಮತ್ತೆ ನೀನೊಬ್ಳೇ ಯಾಕೆ ಇದ್ದದ್ದು ಇದ್ದ ಹಾಗೆ ಹೇಳೋಕೆ ಹೋದೆ?"

ಸೊಸೆ ಅಳತೆಪಟ್ಟಿಯನ್ನು ಮರಕ್ಕೆ ಸುತ್ತಿ ಅದರ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು.

"ಬಿಗಿಯಾಗಿ ಹಿಡೀರಿ ಅತ್ತೆ. ಸಡಿಲ ಬಿಟ್ರೆ ಮರ ದಪ್ಪ ಆಗಿಬಿಡುತ್ತೆ."