ಚನ್ನವೀರಯ್ಯ ಕಾದ ಬಾಗಿಲು

"ಬಾಗ್ಲು ಹಾಕಣ್ಣಾ! ಮೂರ್ ಜನ ಅಟ್ಟಿಸ್ಕೊಂಡು ಬರ್ತಾವ್ರೆ. ಕೈಗೆ ಸಿಕ್ಕಿದ್ರೆ ಸಾಯಿಸ್ಬುಡ್ತಾರೆ!"

ಹಿತ್ತಲ ನಲ್ಲಿಯಿಂದ ನೀರು ತುಂಬಿಸಿಕೊಂಡು ಆಗಷ್ಟೇ ಒಳಗೆ ಬಂದಿದ್ದ ಚನ್ನವೀರಯ್ಯ ಬಕೆಟ್ಟನ್ನು ಅಲ್ಲೇ ಕುಕ್ಕಿದ. ಎದುರಿಗೆ ಇಸ್ತ್ರಿ ಶರಟಿನ ಯುವಕ, ಏದುಸಿರು ಬಿಡುತ್ತಿದ್ದ. ಬಲಗೈಯಲ್ಲಿ ರಕ್ತ, ನಾಯಿ ಕಚ್ಚಿದ ಹಾಗೆ.

"ಏನ್ ಮಾಡ್ದಪ್ಪಾ ಅಂಥದ್ದು?"

"ಏನೂ ಇಲ್ಲಣ್ಣ. ಅವ್ರ್ ಮನೆ ಹುಡ್ಗೀನ ಇಷ್ಟಪಟ್ಟೆ, ಅಷ್ಟೇ."

ಅಷ್ಟು ಸಾಕಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಬೆಳ್ಳಾವಿಯಲ್ಲಿ ಚನ್ನವೀರಯ್ಯನ ತಮ್ಮನನ್ನೂ ಇದೇ ಕಾರಣಕ್ಕೆ ಅಟ್ಟಿಸಿಕೊಂಡು ಬಂದಿದ್ದರು. ತಮ್ಮ ಬಾಗಿಲು ಬಡಿಯುತ್ತಲೇ ಇದ್ದ. ಒಳಗಿದ್ದ ಅಣ್ಣ ಹೆದರಿ ತೆಗೆಯಲಿಲ್ಲ. ಹೆಣ ಎತ್ತಲು ಮಾತ್ರ ಹೊರಗೆ ಬಂದ. ಆ ನಾಚಿಕೆ ಅವನನ್ನು ಇವತ್ತಿಗೂ ತಿನ್ನುತ್ತಿತ್ತು.

"ಆ ದೊಡ್ ಬಾತ್ರೂಮ್ ಐತಲ್ಲ, ಅಲ್ಲಿ ಬಿಡಣ್ಣ," ಎಂದ ಯುವಕ ಮೂಲೆಗೆ ಕೈ ತೋರಿಸಿ.

ತುಮಕೂರಿನ ಕೆರೆ ಏರಿಯ ಪಕ್ಕ, ದೋಣಿ ಹತ್ತುವ ಕಟ್ಟೆಯ ಎದುರಿಗಿರುವ ಈ ಪ್ರವಾಸಿ ಮಾಹಿತಿ ಕೇಂದ್ರವನ್ನು ಯಾರಿಗೂ ತೊಡಕಾಗದಂತೆ ಕಟ್ಟಿದ್ದರು. ಗಾಲಿಕುರ್ಚಿ ಹತ್ತಲು ಇಳಿಜಾರು, ಕಣ್ಣು ಕಾಣದವರು ಮುಟ್ಟಿ ನೋಡಲು ಮರದಲ್ಲಿ ಕೆತ್ತಿದ ಜಿಲ್ಲೆಯ ನಕ್ಷೆ, ಗಾಲಿಕುರ್ಚಿ ತಿರುಗುವಷ್ಟು ದೊಡ್ಡ ಬಾತ್ರೂಮು. ಬಂದವರ ಜೊತೆ ಮಾತಾಡುವ ಕೆಲಸ ಶಿಲ್ಪಾ ಮೇಡಂ ಅವರದು. ಅವರು ಇವತ್ತು ಕುಣಿಗಲ್‌ಗೆ ಮದುವೆಗೆ ಹೋಗಿದ್ದರು. ಬಾಗಿಲು, ಬೀಗ, ಬಕೆಟ್ಟು ಮಾತ್ರ ಚನ್ನವೀರಯ್ಯನದು.

ಬಾತ್ರೂಮಿನ ಒಳಚಿಲಕ ಬಿದ್ದಿತ್ತು. ಹಾಳಾದ್ದು ಮತ್ತೆ ತಾನಾಗಿ ಜಾರಿದೆ ಎಂದುಕೊಂಡ. ವಾರಕ್ಕೆರಡು ಸಲ ಇದೇ ಗೋಳು. ಆದರೂ ಬಾಗಿಲಿಗೆ ಬಾಯಿಟ್ಟು ಕೇಳಿದ: "ಯಾರಾದ್ರೂ ಇದೀರಾ ಒಳ್ಗೆ?" ಉತ್ತರ ಬರಲಿಲ್ಲ. ಒಳಗೆ ಯಾರಾದರೂ ಜಾರಿ ಬಿದ್ದರೆ ಹೊರಗಿನಿಂದ ತೆರೆಯಲೆಂದು ಕೊಟ್ಟಿದ್ದ ಬೀಗದ ಕೈ ಸೊಂಟದಲ್ಲೇ ಇತ್ತು. ತಿರುಗಿಸಿದ. ಯುವಕ ಬಾಗಿಲನ್ನು ಪೂರ್ತಿ ತೆರೆಯಲೂ ಬಿಡದೆ ಅಡ್ಡಡ್ಡ ನುಸುಳಿ ಮುಚ್ಚಿಕೊಂಡ. ಚನ್ನವೀರಯ್ಯ ಹೊರಗಿನಿಂದ ಮತ್ತೆ ಬೀಗ ಹಾಕಿದ.

ಮೂವರು ನುಗ್ಗಿದರು. ಮುಂದಿದ್ದ ನರೆಗಡ್ಡದವನ ಕೈಯಲ್ಲಿ ದೋಣಿಯ ಹುಟ್ಟು, ಹಿಂದಿನಿಬ್ಬರ ಕೈಯಲ್ಲಿ ಬಿದಿರಿನ ಗಳು. ಒಬ್ಬನೂ ಬೈಯಲಿಲ್ಲ. ಕೂಗಾಡುವವರಿಗೆ ಚನ್ನವೀರಯ್ಯ ಹೆದರುವವನಲ್ಲ. ಬಾಯಿ ಮುಚ್ಚಿಕೊಂಡು ಬರುವವರನ್ನು ಕಂಡರೆ ಮಾತ್ರ ಅವನಿಗೆ ಭಯ. ಆದರೂ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ನರೆಗಡ್ಡದವನು ಮೂಗಿನ ಪಕ್ಕಕ್ಕೆ ಬೆರಳಿಟ್ಟ. ಎದೆಮಟ್ಟಕ್ಕೆ ಅಂಗೈ ಹಿಡಿದ. ಆಮೇಲೆ ತನ್ನ ಕತ್ತನ್ನು ತಾನೇ ಹಿಸುಕಿ ತೋರಿಸಿದ. ಮೂಗು ಕೊಯ್ದು, ಎದೆಗೆ ಒದ್ದು, ಕತ್ತು ಹಿಸುಕುವ ಬೆದರಿಕೆ ಇದೆಂದು ತಿಳಿಯಲು ಚನ್ನವೀರಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನರೆಗಡ್ಡದವನು ಜೇಬಿನಿಂದ ಫೋನು ತೆಗೆದು ಅವನ ಮುಖದ ಹತ್ತಿರ ತಂದಾಗ, ಫೋಟೋ ಹಿಡಿದು ಇನ್ನಷ್ಟು ಜನರನ್ನು ಕರೆಸುತ್ತಾನೆಂದು ಚನ್ನವೀರಯ್ಯ ಅದನ್ನು ಒಂದೇಟಿಗೆ ಕೆಡವಿದ. ಫೋನು ನಕ್ಷೆಯ ಮೇಜಿನಡಿ ಸೇರಿತು.

ಹುಟ್ಟಿನ ಮೊದಲ ಏಟಿಗೇ ಚನ್ನವೀರಯ್ಯನ ಎಡಗಿವಿ ಹರಿಯಿತು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಕೈಗೆ ಸಿಕ್ಕಿತು, ಬೀಸಿದ. ಒಬ್ಬನ ಮೊಣಕೈ ಲಟಕ್ಕೆಂದಿತು. ಅವನು ನಕ್ಷೆಯ ಮೇಲೆ ಬಿದ್ದು ಗುಬ್ಬಿಯಿಂದ ಕೊತ್ತಗೆರೆಯವರೆಗೂ ರಕ್ತ ಹರಿಸಿದ.

ಬೆನ್ನ ಹಿಂದೆ, ಬಾತ್ರೂಮಿನೊಳಗೆ, ಧಡ್ ಎಂದು ಏನೋ ಉರುಳಿತು. ಗೋಡೆಗೆ ಒದ್ದ ಸದ್ದು. ಮತ್ತೆ ಒದ್ದ ಸದ್ದು.

"ಸುಮ್ನಿರಪ್ಪ, ಸಿಕ್ಕಾಕೊಂಡ್ಬುಡ್ತೀಯ!" ಎಂದು ಚನ್ನವೀರಯ್ಯ ಹಲ್ಲು ಕಚ್ಚಿದ. ಪುಣ್ಯಕ್ಕೆ ಮೂವರಿಗೂ ಅದು ಕೇಳಿಸಲಿಲ್ಲ.

ಇನ್ನೊಬ್ಬ ಸೊಂಟದ ಬೀಗದ ಕೈಗೇ ಕೈ ಹಾಕಿದ. ಚನ್ನವೀರಯ್ಯ ಅವನ ಬೆರಳನ್ನು ಹಿಡಿದು ಹಿಂದಕ್ಕೆ ಮುರಿದ. ಮುರಿದಾಗಲೂ ಅವನು ಅಮ್ಮಾ ಎನ್ನಲಿಲ್ಲ. ಕಂಠಪೂರ್ತಿ ಕುಡಿದವನ ಹಾಗೆ ಗಂಟಲಲ್ಲೇ ಏನೋ ಗೊರಗುಟ್ಟಿದ. ಅಷ್ಟರಲ್ಲಿ ಹುಟ್ಟು ಚನ್ನವೀರಯ್ಯನ ಮೊಣಕಾಲಿಗೆ ಬಿತ್ತು. ಅವನು ಬಾಗಿಲಿಗೆ ಒರಗಿದಂತೆಯೇ ಕುಸಿದು ಕುಳಿತ. ಬಾಯಲ್ಲಿ ಎರಡು ಹಲ್ಲು ಅಲುಗಾಡುತ್ತಿದ್ದವು.

"ಕೊಂದ್ ಹಾಕ್ರೋ! ಈ ಬಾಗ್ಲು ಮಾತ್ರ ತೆಗೆಯಲ್ಲ. ಒಂದ್ಸಲ ಮಾಡಿದ್ ತಪ್ಪೇ ಸಾಕು ನಂಗೆ!"

ಒಳಗಿನ ಸದ್ದು ಅಷ್ಟೊತ್ತಿಗೆ ನಿಂತಿತ್ತು. ಸದ್ಯ, ಹುಡುಗನಿಗೆ ಬುದ್ಧಿ ಬಂತು ಎಂದುಕೊಂಡ. ಮೈಯೆಲ್ಲ ನಜ್ಜುಗುಜ್ಜಾಗಿದ್ದರೂ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರಾಗಿತ್ತು. ತಮ್ಮ ಎಲ್ಲಿದ್ದರೂ ನೋಡುತ್ತಿರಲಿ ಎನಿಸಿತು.

ನರೆಗಡ್ಡದವನು ಹುಟ್ಟನ್ನು ಕೈಬಿಟ್ಟ. ಮಂಡಿಯೂರಿದ. ಅಳುತ್ತಿದ್ದ. ತನ್ನ ಕಿವಿ ಮುಟ್ಟಿಕೊಂಡು ಇಲ್ಲವೆಂದು ಕೈಯಾಡಿಸಿದ. ನಾಲಿಗೆ ಮುಟ್ಟಿಕೊಂಡು ಇಲ್ಲವೆಂದ. ಹಿಂದಿದ್ದ ಇಬ್ಬರನ್ನು ತೋರಿಸಿ ಅದನ್ನೇ ಮಾಡಿದ. ಆಮೇಲೆ ಬಾತ್ರೂಮಿನ ಬಾಗಿಲು ತೋರಿಸಿ, ಮತ್ತೆ ಅದನ್ನೇ ಮಾಡಿದ. ಚನ್ನವೀರಯ್ಯನ ಕೈಯಿಂದ ಕೊಕ್ಕೆ ಜಾರಿತು. ನರೆಗಡ್ಡದವನು ಮೇಜಿನಡಿಯಿಂದ ತನ್ನ ಫೋನನ್ನು ಎಳೆದು ತಂದು ಎದುರಿಗೆ ಹಿಡಿದ.

ಒಡೆದ ಗಾಜಿನಡಿ ಮಗಳ ಮೆಸೇಜು: "ಅಪ್ಪ, ದೋಣಿ ಕಟ್ಟೆ ಎದುರಿನ ಆಫೀಸಿನ ಬಾತ್ರೂಮಲ್ಲಿ ಬಚ್ಚಿಟ್ಕೊಂಡಿದೀನಿ. ಚಿಲಕ ಹಾಕಿದೀನಿ, ಇನ್ನು ಅವನು ಒಳಗೆ ಬರಕ್ಕಾಗಲ್ಲ."