ಎರಡನೇ ಸಲದ ಓಟ

ಒಪ್ಪಿಗೆ ಪತ್ರ ಟೈಪಾಗಿ ಮೇಜಿನ ಮೇಲೆ ಬಂದು ಕೂತಿತ್ತು. 'ಪರೀಕ್ಷಿಸಿದವರು: ತಾಂತ್ರಿಕ ಸಹಾಯಕಿ' ಎಂಬಲ್ಲಿ ಅವಳ ಸಹಿಯೊಂದೇ ಬಾಕಿ. ಪರೀಕ್ಷೆಯ ದಿನ ಅವಳನ್ನು ಸರ್ವರ್ ಕೋಣೆಗೆ ಕರೆದೇ ಇರಲಿಲ್ಲ.

ಆಸ್ಪತ್ರೆಯ ನಲವತ್ತು ಕಂಪ್ಯೂಟರುಗಳನ್ನು ಮೊದಲ ಬಾರಿಗೆ ಕೇಬಲ್ಲಿನಿಂದ ಜೋಡಿಸಬೇಕಿತ್ತು. ಒಂದೊಂದಕ್ಕೂ ಒಂದು ನೆಟ್‌ವರ್ಕ್ ಕಾರ್ಡು ಬೇಕು. ಕೆಂಪು ಡಬ್ಬಿಯ ಕಂಪನಿಯೋ, ನೀಲಿ ಡಬ್ಬಿಯ ಕಂಪನಿಯೋ ಎಂಬುದಷ್ಟೇ ಪ್ರಶ್ನೆ. ಒಂದೇ ಕಡತವನ್ನು ಸರ್ವರಿನಿಂದ ತರಲು ಕೆಂಪು ಮೂವತ್ತೊಂದು ಸೆಕೆಂಡು ತೆಗೆದುಕೊಂಡಿತು, ನೀಲಿ ಇಪ್ಪತ್ತನಾಲ್ಕು ಎಂದು ಪತ್ರ ಹೇಳುತ್ತಿತ್ತು.

"ಸರ್, ಯಾವುದನ್ನ ಮೊದಲು ಹಾಕಿದ್ರಿ?"

"ಕೆಂಪು," ಎಂದರು ವಿಭಾಗದ ಮುಖ್ಯಸ್ಥರು. "ಯಾಕಮ್ಮ, ಕಾರ್ಡಲ್ಲೂ ಹಿರಿಯರು ಕಿರಿಯರು ಅಂತ ನೋಡ್ಬೇಕಿತ್ತಾ?"

ಪಕ್ಕದಲ್ಲಿದ್ದ ನೀಲಿ ಕಂಪನಿಯ ಮಾರಾಟಗಾರ ಕುರ್ಚಿ ಅಲುಗುವಂತೆ ನಕ್ಕ. ಅವಳಿಗೆ ನೆನಪಾದದ್ದು ಮಕ್ಕಳ ವಾರ್ಡು. ಹಿಂದಿನ ತಿಂಗಳು ಅಲ್ಲಿನ ನರ್ಸ್ ಒಂದು ಮಗುವಿನ ರಕ್ತಪರೀಕ್ಷೆಯ ವರದಿಗಾಗಿ ಪ್ರಯೋಗಾಲಯಕ್ಕೆ ಮೂರು ಸಲ ಓಡಿದ್ದಳು. ವರದಿ ಕೈಗೆ ಸಿಕ್ಕಾಗ ಮಂಚ ಖಾಲಿಯಾಗಿತ್ತು. ಈ ಕೇಬಲ್ಲಿನ ಮಾತು ಎದ್ದದ್ದೇ ಆಮೇಲೆ.

ಅವಳು ಎದ್ದು ಸರ್ವರನ್ನು ಆರಿಸಿ ಹೊಸದಾಗಿ ಹಚ್ಚಿದಳು. ನೀಲಿ ಕಾರ್ಡನ್ನೇ ಮೊದಲು ಓಡಿಸಿದಳು. ನಲವತ್ತಾರು ಸೆಕೆಂಡು. ಏನನ್ನೂ ಮುಟ್ಟದೆ ಅದನ್ನೇ ಮತ್ತೆ ಓಡಿಸಿದಳು. ಇಪ್ಪತ್ತನಾಲ್ಕು. ಮೊದಲ ಸಲ ಸರ್ವರು ಕಡತವನ್ನು ಡಿಸ್ಕಿನೊಳಗೆ ಹುಡುಕಿ ತೆಗೆಯಬೇಕು, ಎರಡನೇ ಸಲ ಅದು ನೆನಪಿನಲ್ಲೇ ಇರುತ್ತದೆ, ಆದ್ದರಿಂದ ಯಾವ ಕಾರ್ಡನ್ನು ಎರಡನೆಯದಾಗಿ ಹಾಕಿದರೂ ಅದಕ್ಕೇ ಅನುಕೂಲ ಎಂದು ವಿವರಿಸಿದಳು. ಮಾರಾಟಗಾರ ತನ್ನ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ.

"ಇಪ್ಪತ್ನಾಲ್ಕು ಬಂತಲ್ಲ? ಮತ್ತೇನು ರಗಳೆ?" ಎಂದರು ಮುಖ್ಯಸ್ಥರು. "ಅದನ್ನೇ ಇಟ್ಕೊಂಡು ಸಹಿ ಹಾಕು. ಮೇಲಿನವರಿಗೆ ನೀಲಿ ಅಂತ ಹೇಳಿಯಾಗಿದೆ."

"ಒಂದು ಮಗುವಿನ ವರದೀನ ಯಾರೂ ಎರಡು ಸಲ ತರಿಸಲ್ಲ ಸರ್."

"ನೀನು ಬಂದಿರೋದು ಕಂಪ್ಯೂಟರ್ ನೋಡ್ಕೊಳ್ಳೋಕೆ, ಮಕ್ಕಳನ್ನಲ್ಲ."

ಅವಳು ಪೆನ್ನು ಕೇಳಿ ಪಡೆದಳು. ಮುಖ್ಯಸ್ಥರ ಹುಬ್ಬು ಸಡಿಲವಾಯಿತು. ಟೈಪಿಸ್ಟ್ ನಾಲ್ಕು ಪ್ರತಿಗಳನ್ನೂ ನಡುವಿನ ಕಾರ್ಬನ್ ಹಾಳೆ ತೆಗೆಯದೆ ಹಾಗೇ ಇಟ್ಟು ಹೋಗಿದ್ದ. ಸಹಿಯ ಜಾಗದಲ್ಲಿ ಅವಳು ನಿಬ್ಬು ಮುರಿಯುವಷ್ಟು ಒತ್ತಿ ಬರೆದಳು: 'ನಾನು ಪರೀಕ್ಷಿಸಿದ್ದು ಇಂದು. ನೀಲಿಗೆ ಮೊದಲ ಸಲ ನಲವತ್ತಾರು ಸೆಕೆಂಡು.' ಕೆಳಗೆ ಸಹಿ.

ಮುಖ್ಯಸ್ಥರು ಹಾಳೆಯನ್ನು ಕಿತ್ತು ಹರಿದರು. ಅದರ ಕೆಳಗಿನ ಹಾಳೆಯಲ್ಲೂ ಅದೇ ಮಾತಿತ್ತು. ಅದರ ಕೆಳಗಿನದರಲ್ಲೂ.